ಡಾಕ್ಟರೇಟಿಗೆ ಮುನ್ನ ಸಂಶೋಧನೆ

ಸಾರ್ವಜನಿಕ ಆರೋಗ್ಯದ ಸಂಶೋಧನೆಯು ವೈದ್ಯರಿಗೂ ಪಿಎಚ್.ಡಿ. ಪಡೆದವರಿಗೂ ಮಾತ್ರ ಮೀಸಲೆಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಉಂಟು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಆ ಕಡೆಗೆ ಮನಸ್ಸು ಹರಿದಾಗಲೆಲ್ಲ, ಕಲಾ ವಿಭಾಗದವನಿಗೆ ಅಲ್ಲೇನು ಕೆಲಸವೆಂಬ ಶಂಕೆ ನನ್ನನ್ನು ತಡೆಯುತ್ತಿತ್ತು. ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್ ಎಂಬ ಆಂಗ್ಲ ವಿದ್ವಾಂಸರ ವೃತ್ತಾಂತವನ್ನು ಓದಿದ ಮೇಲೆ ಆ ಶಂಕೆ ಬಹುಮಟ್ಟಿಗೆ ದೂರವಾಯಿತು.

1897ರಲ್ಲಿ ಹುಟ್ಟಿದ ಹಿಲ್ ವೈದ್ಯರಾಗಬೇಕೆಂದಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ವಿಮಾನ ಚಾಲಕರಾಗಿದ್ದಾಗ ಅವರಿಗೆ ಕ್ಷಯ ತಗುಲಿತು. ವೈದ್ಯ ಶಿಕ್ಷಣದ ಆಸೆ ಅಲ್ಲಿಗೆ ಮುಗಿಯಿತು. ರೋಗಶಯ್ಯೆಯಿಂದ ಚೇತರಿಸಿಕೊಳ್ಳುತ್ತಲೇ ಅಂಚೆಯ ಮೂಲಕ ಓದಿ, 1922ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಪದವಿ ಪಡೆದರು. ಬಳಿಕ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ಎಸೆಕ್ಸ್ ಪ್ರಾಂತದ ಹಳ್ಳಿಗಳ ಮರಣ ಪ್ರಮಾಣವನ್ನು ಅಭ್ಯಸಿಸಲು ತೊಡಗಿದರು. ಆಗ ಅವರಿಗೆ ಡಾಕ್ಟರೇಟ್ ಇರಲಿಲ್ಲ. ಅದು ದೊರೆತದ್ದು 1926ರಲ್ಲಿ. ಕೆಲಸ ಮೊದಲು, ಬಿರುದು ಅನಂತರ.

ಹಳ್ಳಿಗಳಿಂದ ಜನರು ವಲಸೆ ಹೋಗುವುದಕ್ಕೂ ಮರಣ ಪ್ರಮಾಣಕ್ಕೂ ಏನು ಸಂಬಂಧವೆಂಬುದು ಅವರ ಪ್ರಶ್ನೆಯಾಗಿತ್ತು. ಇದನ್ನು ನಮ್ಮೂರಿನ ಲೆಕ್ಕದಲ್ಲಿಯೇ ನೋಡೋಣ. ಒಂದು ಹಳ್ಳಿಯಲ್ಲಿ 100 ಮಂದಿ ಯುವಕರಿದ್ದು, ವರ್ಷದಲ್ಲಿ ಇಬ್ಬರು ತೀರಿಕೊಂಡರೆಂದು ಭಾವಿಸಿರಿ. ಪ್ರಮಾಣ ನೂರಕ್ಕೆ 2. ಮುಂದೆ ದೃಢಕಾಯರಾದ 50 ಮಂದಿ ಬೆಂಗಳೂರಿಗೆ ದುಡಿಯಲು ಹೋದರು. ಉಳಿದವರಲ್ಲಿ ಮತ್ತೆ ಇಬ್ಬರೇ ಸತ್ತರೂ ಪ್ರಮಾಣ ನೂರಕ್ಕೆ 4 ಆಗುತ್ತದೆ. ಸಾವು ಹೆಚ್ಚಲಿಲ್ಲ, ಭಾಜಕ ಕುಗ್ಗಿತು. ಅಂಕಿಯನ್ನು ನಂಬುವ ಮೊದಲು ಯಾರು ಹೋದರು, ಯಾರು ಉಳಿದರು ಎಂದು ಕೇಳಬೇಕು. ಈ ಪ್ರಶ್ನೆಯನ್ನು ಕೇಳಲು ಅರ್ಥಶಾಸ್ತ್ರ ಓದಿದವನು ಅನರ್ಹನೇನೂ ಅಲ್ಲ.

ಆದರೆ ಉತ್ಸಾಹವೊಂದೇ ಸಾಲದು. ಹಿಲ್ ಅವರು ಕಾರ್ಲ್ ಪಿಯರ್ಸನ್ನರ ಉಪನ್ಯಾಸಗಳನ್ನು ಕೇಳಿ ಸಂಖ್ಯಾಶಾಸ್ತ್ರವನ್ನು ಕಲಿತರು. ಆ ಶಿಸ್ತಿನ ಫಲ ಮುಂದೆ ಕಂಡಿತು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧದ ಪರೀಕ್ಷೆ ನಡೆದಾಗ, ಯಾವ ರೋಗಿಗೆ ಔಷಧ, ಯಾವ ರೋಗಿಗೆ ಬರಿಯ ವಿಶ್ರಾಂತಿ ಎಂಬುದನ್ನು ವೈದ್ಯರ ಇಚ್ಛೆಗೆ ಬಿಡದೆ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಗೊತ್ತುಮಾಡುವ ಕ್ರಮವನ್ನು ಅವರು ರೂಪಿಸಿದರು. 1948ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4 ಮಂದಿಯೂ, ಪಡೆಯದ 52 ಮಂದಿಯಲ್ಲಿ 14 ಮಂದಿಯೂ ಮೃತರಾದರು. ತಮ್ಮನ್ನು ಹಾಸಿಗೆ ಹಿಡಿಸಿದ್ದ ರೋಗಕ್ಕೆ ವೈದ್ಯರಲ್ಲದ ಅವರು ಹೀಗೆ ಪ್ರತ್ಯುತ್ತರ ಕೊಟ್ಟರು.

ಅದೇ ರೋಗದ ವಿಚಾರದಲ್ಲಿ ನಮ್ಮ ನಾಡಿನ ಉದಾಹರಣೆಯೂ ಉಂಟು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾದದ್ದು 1959ರಲ್ಲಿ. ಅಲ್ಲಿಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳ ರೋಗಿಗಳನ್ನು ಕುರಿತ ಅಧ್ಯಯನವನ್ನು 1963ರಲ್ಲಿ ಪ್ರಕಟಿಸಿದರು. ಬ್ಯಾನರ್ಜಿಯವರು ವೈದ್ಯರೇ, ಆದರೆ ಇಲ್ಲಿ ಹಿಡಿದ ಮಾರ್ಗ ಸಮಾಜಶಾಸ್ತ್ರದ್ದು. ಮನೆಗೆ ಹೋಗಿ ವಿಚಾರಿಸಿದಾಗ, ಬಹುಪಾಲು ರೋಗಿಗಳಿಗೆ ತಮ್ಮ ರೋಗಲಕ್ಷಣದ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಚಿಕಿತ್ಸೆ ಅರಸಿಯೂ ಹೋಗಿದ್ದರು. ಹಳ್ಳಿಯವರ ಅಜ್ಞಾನವೇ ಎಲ್ಲಕ್ಕೂ ಕಾರಣವೆಂಬ ಮಾತು ನಿಲ್ಲಲಿಲ್ಲ. ಅವರ ಮಾತನ್ನು ಅವರ ಭಾಷೆಯಲ್ಲಿಯೇ ಕೇಳಿ, ತಿದ್ದದೆ ಬರೆದುಕೊಳ್ಳುವುದು ಸಂಶೋಧನೆಯ ದೊಡ್ಡ ಭಾಗ.

ಹಾಗಾದರೆ ನಾವು ಮಾಡಬೇಕಾದುದೇನು? ಸಂಖ್ಯಾಶಾಸ್ತ್ರವನ್ನು ಅಂಕಗಳಿಗಾಗಿ ಮಾತ್ರವಲ್ಲದೆ ಬಳಕೆಗಾಗಿ ಕಲಿಯಬೇಕು. ಜನಗಣತಿಯ ಕೋಷ್ಟಕಗಳನ್ನು ಓದುವ ಅಭ್ಯಾಸ ಬೇಕು. ಪದವಿಯ ಬಳಿಕ ಸಮೀಕ್ಷೆಗಳಲ್ಲಿ ಕ್ಷೇತ್ರ ಸಹಾಯಕರಾಗಿ ಸೇರಬಹುದು. ಎಂ.ಪಿ.ಎಚ್. ಎಂಬ ಸ್ನಾತಕೋತ್ತರ ಶಿಕ್ಷಣಕ್ಕೆ ಕೆಲವು ಸಂಸ್ಥೆಗಳಲ್ಲಿ ವೈದ್ಯರಲ್ಲದವರಿಗೂ ಪ್ರವೇಶವುಂಟು. ಸ್ವತಂತ್ರವಾಗಿ ಸಂಶೋಧನೆಯನ್ನು ನಡೆಸುವ ಹೊಣೆಗೆ ಡಾಕ್ಟರೇಟ್ ಹಲವೆಡೆ ಬೇಕಾಗುತ್ತದೆ, ಅದನ್ನು ಮರೆಮಾಚಬಾರದು. ಆದರೆ ಅದು ನಡುದಾರಿಯ ಮೆಟ್ಟಿಲು, ಹೆಬ್ಬಾಗಿಲಲ್ಲ.

ನಾನಂತೂ ಪರೀಕ್ಷೆ ಮುಗಿದೊಡನೆ ಕ್ಷೇತ್ರ ಸಹಾಯಕನ ಕೆಲಸಕ್ಕೆ ಅರ್ಜಿ ಹಾಕಲು ನಿಶ್ಚಯಿಸಿದ್ದೇನೆ. ಕೆಲಸ ಸಿಗುವವರೆಗೆ ನಮ್ಮೂರಿನ ಜನನ ಮರಣಗಳ ಲೆಕ್ಕವನ್ನು ನೋಡುತ್ತ ಕೂರಬಹುದು. ಯಾರು ಹೋದರು, ಯಾರು ಉಳಿದರು ಎಂಬ ಪ್ರಶ್ನೆ ಅಲ್ಲಿಯೂ ಇದೆ.