ಹುಲಿ ಕಿವಿಯ ಕುಲಾವಿ: ಕ್ರೋಶಾ ಹೆಣಿಗೆಯ ಬೆಲೆ ಕಟ್ಟುವ ಬಗೆ

ಅತ್ಯಲ್ಪ ಬಂಡವಾಳದಿಂದ ಆರಂಭಿಸಬಹುದಾದ ಗೃಹೋದ್ಯಮಗಳಲ್ಲಿ ಕ್ರೋಶಾ ಹೆಣಿಗೆಯೂ ಒಂದು. ಕೊಕ್ಕೆಯುಳ್ಳ ಒಂದು ಕಡ್ಡಿ, ನೂಲಿನ ಉಂಡೆ, ಕತ್ತರಿ ಹಾಗೂ ದಪ್ಪ ಸೂಜಿ ಇದ್ದರೆ ಕೆಲಸ ಪ್ರಾರಂಭವಾಗುತ್ತದೆ. ಆದರೆ ಈ ಅನುಕೂಲದಲ್ಲಿಯೇ ಒಂದು ತೊಡಕೂ ಅಡಗಿದೆ. ಕೈಯಿಂದ ಹಣ ಹೊರಹೋಗದ ಕಡೆ ವೆಚ್ಚವೇ ಆಗಿಲ್ಲವೆಂದು ಭಾವಿಸುವುದು ಮನುಷ್ಯ ಸಹಜ. ನೂಲಿನ ಬೆಲೆಯನ್ನು ಎರಡರಿಂದ ಗುಣಿಸಿ ಮಾರಾಟ ಬೆಲೆ ಹೇಳುವ ರೂಢಿ ಹುಟ್ಟುವುದು ಹೀಗೆಯೇ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳಿಗೂ, ಅವರಿಂದ ಸರಕು ಕೊಳ್ಳುವ ವ್ಯಾಪಾರಿ ಸದಸ್ಯರಿಗೂ ಉಪಯುಕ್ತವಾಗಲೆಂದು ಈ ಲೇಖನವನ್ನು ಸಿದ್ಧಪಡಿಸಲಾಗಿದೆ. ಹುಲಿಯ ಕಿವಿಯುಳ್ಳ ಮಗುವಿನ ಕುಲಾವಿಯೊಂದನ್ನು ಉದಾಹರಣೆಯಾಗಿಟ್ಟುಕೊಂಡು, ಅದನ್ನು ಹೆಣೆಯುವ ಕ್ರಮವನ್ನೂ ಬೆಲೆ ಕಟ್ಟುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಎರಡು ಕಡ್ಡಿಗಳಿಂದ ಹೆಣೆಯುವ ಸ್ವೆಟರನ್ನು ಯಂತ್ರವು ನಿಮಿಷಗಳಲ್ಲಿ ಹೆಣೆಯಬಲ್ಲದು. ತಿರುಪ್ಪೂರಿನ ಹೆಣಿಗೆ ಉದ್ಯಮ ನಿಂತಿರುವುದೇ ಯಂತ್ರದ ಹೆಣಿಗೆಯ ಮೇಲೆ. ಕ್ರೋಶಾ ಹಾಗಲ್ಲ. ಇಲ್ಲಿ ಒಂದು ಕುಣಿಕೆಯನ್ನು ಮುಗಿಸಿಯೇ ಮುಂದಿನದಕ್ಕೆ ಹೋಗಬೇಕು. ಕೊಕ್ಕೆಯು ಪ್ರತಿ ಬಾರಿಯೂ ಬೇರೊಂದು ದಿಕ್ಕಿನಿಂದ ಒಳಹೊಗಬೇಕಾಗುತ್ತದೆ. ಮಾರುಕಟ್ಟೆಯಲ್ಲಿ ಕ್ರೋಶಾ ಯಂತ್ರವೆಂದು ಕರೆಯುವುದು ವಾಸ್ತವವಾಗಿ ಬೇರೊಂದು ಬಗೆಯ ಹೆಣಿಗೆಯನ್ನು ಮಾಡುತ್ತದೆ. ಆದುದರಿಂದ ಅಂಗಡಿಯಲ್ಲಿ ಕಾಣುವ ಪ್ರತಿಯೊಂದು ನಿಜವಾದ ಕ್ರೋಶಾ ವಸ್ತುವಿನ ಹಿಂದೆಯೂ ಒಬ್ಬರ ಕೈ ಇದೆ. ನೂಲಿಗಿಂತ ಮಿಗಿಲಾದ ಕಚ್ಚಾ ಸಾಮಗ್ರಿಯೆಂದರೆ ಅವರ ಸಮಯ.

ಈ ಸಮಯಕ್ಕೆ ಬೆಲೆ ಕಟ್ಟದಿದ್ದರೆ ಏನಾಗುತ್ತದೆಂಬುದಕ್ಕೆ ನೆರೆಯ ಆಂಧ್ರ ಪ್ರದೇಶದ ನರಸಾಪುರ ನಿದರ್ಶನ. ಅಲ್ಲಿನ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಅಲ್ಲಿಯ ಲೇಸು ವಿದೇಶಗಳಿಗೆ ರಫ್ತಾಗುತ್ತಾ ಬಂದಿದೆ. ಆದರೆ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅವರು 1982ರಲ್ಲಿ ಪ್ರಕಟಿಸಿದ ಅಧ್ಯಯನವು ಆ ರಫ್ತಿನ ಇನ್ನೊಂದು ಮುಖವನ್ನು ತೋರಿಸಿತು. ಮನೆಯಲ್ಲಿ ಕುಳಿತು ಹೆಣೆಯುವ ಮಹಿಳೆಯರ ದುಡಿಮೆಯನ್ನು ಗೃಹಿಣಿಯರ ಬಿಡುವಿನ ಹವ್ಯಾಸವೆಂದು ಪರಿಗಣಿಸಿದ್ದರಿಂದಲೇ ಅವರಿಗೆ ಅತ್ಯಲ್ಪ ಕೂಲಿ ದೊರೆಯುತ್ತಿತ್ತೆಂದು ಅವರು ವಿವರಿಸಿದರು. ನಮ್ಮ ತಾಲ್ಲೂಕುಗಳಲ್ಲಿ ಈ ಉದ್ಯಮವನ್ನು ಬೆಳೆಸಬಯಸುವವರು ಮೊದಲು ಗಮನಿಸಬೇಕಾದ ಪಾಠವಿದು.

ಪ್ರಾಣಿಯ ಆಯ್ಕೆ

ಕರಡಿ, ಮೊಲ, ಬೆಕ್ಕುಗಳ ಕಿವಿಯ ಟೋಪಿಗಳು ಎಲ್ಲ ಊರುಗಳಲ್ಲಿಯೂ ದೊರೆಯುತ್ತವೆ. ನಮ್ಮದೆಂದು ಹೇಳಿಕೊಳ್ಳಬಹುದಾದ ಪ್ರಾಣಿಯನ್ನು ಆರಿಸಿಕೊಂಡರೆ ಸರಕಿಗೆ ಗುರುತು ಬರುತ್ತದೆ. ಟಿಪ್ಪು ಸುಲ್ತಾನನ ಆಯುಧಗಳಲ್ಲಿಯೂ ಸೈನಿಕರ ಉಡುಪಿನಲ್ಲಿಯೂ ಹುಲಿಯ ಪಟ್ಟೆ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಬ್ರಿಟಿಷರು ಕೊಂಡೊಯ್ದ ಮರದ ಯಾಂತ್ರಿಕ ಹುಲಿ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದೇ ತಾಲ್ಲೂಕಿನ ರಂಗನತಿಟ್ಟಿನಲ್ಲಿ ಹೆಜ್ಜಾರ್ಲೆ ಇದೆ. ಪಾಂಡವಪುರಕ್ಕೆ ಮೇಲುಕೋಟೆ ವನ್ಯಜೀವಿಧಾಮದ ತೋಳ, ಕೃಷ್ಣರಾಜಪೇಟೆಗೆ ಹೇಮಗಿರಿಯ ದನಗಳ ಜಾತ್ರೆಯನ್ನು ನೆನಪಿಸುವ ಹಳ್ಳಿಕಾರ್ ಎತ್ತಿನ ಕೊಂಬು, ನಾಗಮಂಗಲಕ್ಕೆ ಆದಿಚುಂಚನಗಿರಿಯ ನವಿಲು ಒಪ್ಪುತ್ತವೆ. ಪ್ರಸ್ತುತ ಉದಾಹರಣೆಗೆ ಹುಲಿಯನ್ನು ಆರಿಸಿಕೊಳ್ಳಲಾಗಿದೆ.

ಹೆಣೆಯುವ ಕ್ರಮ

ಒಂದರಿಂದ ಎರಡು ವರ್ಷದ ಮಗುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 46ರಿಂದ 48 ಸೆಂ.ಮೀ. ಹೆಣಿಗೆ ಹಿಗ್ಗುವುದರಿಂದ ಕುಲಾವಿಯ ಸುತ್ತಳತೆ 43 ಸೆಂ.ಮೀ. ಇದ್ದರೆ ಸಾಕು. ಮೆದುವಾದ ಹತ್ತಿ ನೂಲು, 3.5 ಮಿ.ಮೀ. ಕಡ್ಡಿ ಬಳಸತಕ್ಕದ್ದು. ಕಡ್ಡಿಗೆ ಒಮ್ಮೆ ನೂಲು ಸುತ್ತಿಕೊಂಡು ಹಾಕುವ ಉದ್ದ ಹೊಲಿಗೆಯನ್ನೇ ಉದ್ದಕ್ಕೂ ಬಳಸಲಾಗಿದೆ.

1. ಮೊದಲು ಒಂದು ಮಾದರಿ ತುಂಡನ್ನು ಹೆಣೆದು ಅಳೆಯಬೇಕು. 10 ಸೆಂ.ಮೀ. ಅಗಲದಲ್ಲಿ ಸುಮಾರು 17 ಹೊಲಿಗೆ ಬರಬೇಕು. ಬಿಗಿಯಾದ ಕೈಯಿಂದ 20 ಹೊಲಿಗೆ ಬಂದರೆ ಅದೇ ಕುಲಾವಿ 36 ಸೆಂ.ಮೀ.ಗೆ ಕುಗ್ಗುತ್ತದೆ. ಆಗ ಒಂದು ಅಳತೆ ದಪ್ಪನೆಯ ಕಡ್ಡಿ ಹಿಡಿಯಬೇಕು.

2. ನೂಲಿನ ಉಂಗುರದೊಳಗೆ 12 ಹೊಲಿಗೆ ಹಾಕಿ, ಮುಂದಿನ ಪ್ರತಿ ಸುತ್ತಿಗೂ 12ರಂತೆ ಹೆಚ್ಚಿಸುತ್ತಾ ಹೋಗಬೇಕು: 12, 24, 36, 48, 60, 72. ಆರು ಸುತ್ತು ಮುಗಿದಾಗ ಸುಮಾರು 14 ಸೆಂ.ಮೀ. ವ್ಯಾಸದ ಚಪ್ಪಟೆ ಬಿಲ್ಲೆ ದೊರೆಯುತ್ತದೆ. ಇದುವರೆಗಿನ ಹೊಲಿಗೆಗಳು 252.

3. ಅನಂತರ ಹೆಚ್ಚಿಸದೆ 72 ಹೊಲಿಗೆಗಳ 9 ಸುತ್ತು ಹೆಣೆಯಬೇಕು. ಬಿಲ್ಲೆಯ ಅಂಚು ಕೆಳಮುಖವಾಗಿ ತಿರುಗಿ ಟೋಪಿಯ ಆಕಾರ ಬರುತ್ತದೆ. ಇಲ್ಲಿ 648 ಹೊಲಿಗೆಗಳು. ಒಟ್ಟು 900.

4. ಕಿವಿಗೆ 6 ಮತ್ತು 12 ಹೊಲಿಗೆಗಳ ಎರಡು ಸಾಲಿನ ಅರ್ಧಚಂದ್ರಾಕಾರದ ತುಂಡುಗಳನ್ನು ಹೆಣೆದು, ಎರಡೆರಡನ್ನು ಜೊತೆಗೂಡಿಸಿ 18 ಗಿಡ್ಡ ಹೊಲಿಗೆಗಳ ಅಂಚು ಕಟ್ಟಬೇಕು. ಒಂದು ಕಿವಿಗೆ 54, ಎರಡಕ್ಕೆ 108 ಹೊಲಿಗೆ.

5. ಕಪ್ಪು ನೂಲಿನಿಂದ ಮೇಲ್ಮೈಯಲ್ಲಿ 72 ಸರಪಳಿ ಹೊಲಿಗೆಗಳ ಪಟ್ಟೆ ಬಿಡಿಸಬೇಕು. ಬಳಿಕ ಕಿವಿಗಳನ್ನು ಭದ್ರವಾಗಿ ಹೊಲಿದು, ನೂಲಿನ ತುದಿಗಳನ್ನು ಒಳಗೆ ಸೇರಿಸಿ, ಒಗೆದು ಒಣಗಿಸಬೇಕು.

ಒಟ್ಟು 1,080 ಹೊಲಿಗೆಗಳು. ಇವುಗಳ ಪೈಕಿ ಹುಲಿಯನ್ನು ಹುಲಿಯನ್ನಾಗಿಸುವವು 180 ಮಾತ್ರ, ಅಂದರೆ ಆರನೆಯ ಒಂದು ಭಾಗ.

ವೆಚ್ಚದ ಲೆಕ್ಕ

ನಿಮಿಷಕ್ಕೆ 10 ಹೊಲಿಗೆ ಹಾಕುವ ಕೈಗೆ 1,080 ಹೊಲಿಗೆಗೆ 108 ನಿಮಿಷ ಬೇಕು. ಕಿವಿ ಜೋಡಿಸುವುದು, ತುದಿ ಸೇರಿಸುವುದು, ಒಗೆದು ಪರಿಶೀಲಿಸುವುದು ಇವಕ್ಕೆ 42 ನಿಮಿಷವೆಂದು ಹಿಡಿದರೆ ಒಟ್ಟು ಎರಡೂವರೆ ಗಂಟೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂ. ಇತ್ತು. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 46 ರೂ. ಕೌಶಲದ ಕೆಲಸವಾದ್ದರಿಂದ ಇಲ್ಲಿ 60 ರೂ. ಎಂದು ಇಟ್ಟುಕೊಳ್ಳಲಾಗಿದೆ. ಕೆಳಗಿನ ದರಗಳು ಕೇವಲ ಉದಾಹರಣೆಗಾಗಿ. ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು.

ನೂಲು, 60 ಗ್ರಾಂ: 90 ರೂ.
ಮಾದರಿ ತುಂಡು ಮತ್ತು ನಷ್ಟ: 10 ರೂ.
ಶ್ರಮ, ಎರಡೂವರೆ ಗಂಟೆ: 150 ರೂ.
ಚೀಟಿ ಮತ್ತು ಪೊಟ್ಟಣ: 15 ರೂ.
ಬಸ್ ಚಾರ್ಜು, ದೂರವಾಣಿ ಮುಂತಾದ ಮೇಲ್ವೆಚ್ಚ: 25 ರೂ.
ಒಟ್ಟು ವೆಚ್ಚ: 290 ರೂ.
ವೆಚ್ಚದ ಮೇಲೆ ಶೇ. 20 ಲಾಭ: 58 ರೂ.
ಸಗಟು ಬೆಲೆ: 348 ರೂ.

ಅಂಗಡಿಯವರು ಮಾರಾಟ ಬೆಲೆಯ ಶೇ. 40ರಷ್ಟನ್ನು ತಮ್ಮ ಪಾಲಾಗಿ ಇಟ್ಟುಕೊಂಡರೆ ಗ್ರಾಹಕನಿಗೆ ಬೆಲೆ 580 ರೂ.

ಈಗ ನೂಲಿನ ಎರಡರಷ್ಟು ಎಂಬ ರೂಢಿಯನ್ನು ಪರಿಶೀಲಿಸೋಣ. ಬೆಲೆ 180 ರೂ. ಆಗುತ್ತದೆ. ಶ್ರಮವನ್ನು ಬಿಟ್ಟು ಉಳಿದ ಖರ್ಚು 140 ರೂ. ಕಳೆದರೆ ಹೆಣೆದವರಿಗೆ ಉಳಿಯುವುದು 40 ರೂ. ಗಂಟೆಗೆ 16 ರೂ.; ಎಂಟು ಗಂಟೆ ದುಡಿದರೂ 128 ರೂ. ಮಾತ್ರ. ಲಾಭವೆಂಬುದು ಲೆಕ್ಕದಲ್ಲಿಯೇ ಇಲ್ಲ. ಕೈತುಂಬ ಆರ್ಡರು ಬಂದಷ್ಟೂ ಕಷ್ಟ ಹೆಚ್ಚುವ ವ್ಯಾಪಾರವಿದು.

ಸ್ವೆಟರೇ, ಕುಲಾವಿಯೇ?

ಇದೇ ಅಳತೆಯ ಹೊಲಿಗೆಯಲ್ಲಿ ಎರಡು ವರ್ಷದ ಮಗುವಿಗೆ ತೋಳಿರುವ ಪೂರ್ಣ ಸ್ವೆಟರ್ ಹೆಣೆದರೆ ಸುಮಾರು 4,400 ಹೊಲಿಗೆ ಬೇಕು. ಏಳು ಗಂಟೆಗೂ ಮೀರಿದ ಕೆಲಸ. ಹೆಣಿಗೆಯ ಶ್ರಮವೊಂದೇ 440 ರೂ. ಸ್ವೆಟರಿಗೆ ಯಂತ್ರದ ಹೆಣಿಗೆಯೇ ಪ್ರತಿಸ್ಪರ್ಧಿ. ಗ್ರಾಹಕನು ಹೋಲಿಕೆ ಮಾಡುವುದೂ ಅದರ ಬೆಲೆಯೊಂದಿಗೇ. ಕಿವಿಯುಳ್ಳ ಕುಲಾವಿಯಲ್ಲಾದರೋ ಗ್ರಾಹಕನ ಕಣ್ಣು ಮೊದಲು ಬೀಳುವುದು ಆ 180 ಹೊಲಿಗೆಗಳ ಮೇಲೆ. ಆದುದರಿಂದ ಹೊಸದಾಗಿ ಆರಂಭಿಸುವವರು ಸಣ್ಣ ವಸ್ತುವನ್ನೇ ಆರಿಸಿಕೊಂಡು, ಕಿವಿ, ಕೊಂಬು, ಪಟ್ಟೆಗಳಲ್ಲಿ ಕೈಚಳಕ ತೋರಿಸುವುದು ಲೇಸು.

ಸುರಕ್ಷತೆ

ಕಣ್ಣಿಗೆ ಗುಂಡಿ ಅಥವಾ ಮಣಿ ಹೊಲಿಯಬಾರದು. ಮಗು ಕಿತ್ತು ನುಂಗುವ ಅಪಾಯವಿದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳ ಪರೀಕ್ಷೆಯಲ್ಲಿ 31.7 ಮಿ.ಮೀ. ವ್ಯಾಸದ ಕೊಳವೆಯೊಳಗೆ ಪೂರ್ತಿ ಇಳಿಯುವ ಬಿಡಿ ಭಾಗವನ್ನು ಅಪಾಯಕಾರಿಯೆಂದು ಪರಿಗಣಿಸಲಾಗುತ್ತದೆ. ಕಣ್ಣನ್ನು ನೂಲಿನಿಂದಲೇ ಬಿಡಿಸಬೇಕು. ಹಳೆಯ ಕುಲಾವಿಗಳ ಉದ್ದನೆಯ ಲಾಡಿಯನ್ನೂ ಕೈಬಿಡುವುದು ಒಳ್ಳೆಯದು. ತಲೆ ಮುಚ್ಚುವ ಟೋಪಿ ಸೇರಿಸಿದ ಮೇಲಂಗಿಯನ್ನು ಯುರೋಪಿಗೆ ಕಳುಹಿಸುವವರು, ಏಳು ವರ್ಷದೊಳಗಿನ ಮಕ್ಕಳ ಉಡುಪಿನ ತಲೆ ಮತ್ತು ಕುತ್ತಿಗೆಯ ಭಾಗದಲ್ಲಿ ಲಾಡಿ ಇರಕೂಡದೆಂಬ ಇಎನ್ 14682 ಮಾನದಂಡವನ್ನು ಗಮನಿಸಬೇಕು.

ತೆರಿಗೆ ಮತ್ತು ಕಾನೂನು

ಕ್ರೋಶಾ ಉಡುಪು ಸುಂಕ ಪಟ್ಟಿಯ 61ನೆಯ ಅಧ್ಯಾಯಕ್ಕೂ, ಟೋಪಿ 65ನೆಯ ಅಧ್ಯಾಯಕ್ಕೂ, ಗೊಂಬೆ 95ನೆಯ ಅಧ್ಯಾಯಕ್ಕೂ ಸೇರುತ್ತವೆ. 61ನೆಯ ಅಧ್ಯಾಯದ ಉಡುಪಿಗೆ 2025ರ ಸೆಪ್ಟೆಂಬರ್ 22ರಿಂದ, ಬೆಲೆ 2,500 ರೂ. ಮೀರದಿದ್ದಲ್ಲಿ ಜಿಎಸ್‌ಟಿ ಶೇ. 5. ಗೊಂಬೆಗೆ 2021ರ ಜನವರಿಯಿಂದ ಬಿಐಎಸ್ ಗುರುತು ಕಡ್ಡಾಯವಾಗಿದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ.

ರಾಜ್ಯದೊಳಗೆ ಸರಕನ್ನಷ್ಟೇ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂ. ಮೀರುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. 2023ರ ಅಕ್ಟೋಬರ್ 1ರಿಂದ ಅಂಥವರು ಪ್ಯಾನ್ ಆಧಾರದ ಮೇಲೆ ದಾಖಲಾತಿ ಸಂಖ್ಯೆ ಪಡೆದು, ರಾಜ್ಯದೊಳಗಿನ ಗ್ರಾಹಕರಿಗೆ ಅಂತರ್ಜಾಲ ಮಾರಾಟ ಸಂಸ್ಥೆಗಳ ಮೂಲಕವೂ ಮಾರಬಹುದು.

ಉದ್ಯಮ್ ನೋಂದಣಿಯನ್ನು ತಪ್ಪದೆ ಮಾಡಿಸಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ, ಇದ್ದರೆ ಹೆಚ್ಚೆಂದರೆ 45 ದಿನಗಳೊಳಗೆ ಖರೀದಿದಾರನು ಹಣ ಪಾವತಿಸಬೇಕು. ತಡವಾದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಸಲ್ಲುತ್ತದೆ.

ಉಪಸಂಹಾರ

ಪ್ರತಿ ಸಂಘವೂ ಒಂದು ನೋಟ್ ಪುಸ್ತಕವಿಟ್ಟು, ಪ್ರತಿ ವಸ್ತುವಿನ ಹೊಲಿಗೆಗಳ ಸಂಖ್ಯೆ, ಆರಂಭಿಸಿದ ಮತ್ತು ಮುಗಿಸಿದ ವೇಳೆ, ಬಳಸಿದ ನೂಲಿನ ತೂಕ ಇವನ್ನು ಬರೆದಿಡಬೇಕು. ಹತ್ತು ಕುಲಾವಿ ಮುಗಿಯುವಷ್ಟರಲ್ಲಿ ತಮ್ಮ ಕೈಯ ನಿಜವಾದ ವೇಗ ತಿಳಿಯುತ್ತದೆ. ವ್ಯಾಪಾರಿ ಸದಸ್ಯರು ಬೆಲೆ ಇಳಿಸುವಂತೆ ಕೇಳುವ ಮುನ್ನ ಆ ಪುಸ್ತಕವನ್ನು ಒಮ್ಮೆ ನೋಡಬೇಕೆಂದು ವಿನಂತಿ. ನೂಲಿನ ದರ ಇಳಿಯಬಹುದು, ಪೊಟ್ಟಣದ ಖರ್ಚು ಉಳಿಸಬಹುದು. ಆದರೆ 1,080 ಹೊಲಿಗೆಗಳಲ್ಲಿ ಒಂದನ್ನೂ ಯಾರೂ ಬಿಟ್ಟುಕೊಡಲಾರರು. ಬೆಲೆಯ ಮಾತುಕತೆ ಅಲ್ಲಿಂದಲೇ ಆರಂಭವಾಗಲಿ.