ಉಣುಗು ಕಚ್ಚಿದರೆ, ಜ್ವರ ಬಂದರೆ

ಪುಟ್ಟೀ, ಊರಿಂದ ಬರುವಾಗ ಸಾರಿನಪುಡಿ, ಚಕ್ಕುಲಿಯ ನಡುವೆ ನಿಮ್ಮಮ್ಮ ತುರುಕಿ ತಂದ ಅಜಿತ್ರೋಮೈಸಿನ್ ಮಾತ್ರೆ ಇದೆಯಲ್ಲ, ಕಾಲೇಜಿಗೆ ಹೊರಡುವಾಗ ಅದನ್ನು ಮಾತ್ರ ಬ್ಯಾಗಿಗೆ ಹಾಕಿಕೊಳ್ಳಬೇಡ. ಗಂಟಲು ಕೆರೆದರೂ ಅದೇ, ನೆಗಡಿಯಾದರೂ ಅದೇ ಅನ್ನುವ ಅಭ್ಯಾಸ ವರ್ಜೀನಿಯಾದ ಈ ಹರ್ನ್‌ಡನ್ನಿನ ನಮ್ಮವರ ಮನೆಗಳಲ್ಲೂ ಬಿಟ್ಟಿಲ್ಲ. ನೆಗಡಿ ತರುವುದು ವೈರಸ್. ಅದಕ್ಕೆ ಸ್ವಂತ ಜೀವಕೋಶವೇ ಇಲ್ಲ, ನಮ್ಮ ಕೋಶದೊಳಗೆ ಹೊಕ್ಕು ಅಲ್ಲಿನ ಸಾಮಗ್ರಿಯಲ್ಲೇ ತನ್ನ ಸಂತಾನ ಬೆಳೆಸಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ತಾನೇ ಒಂದು ಪೂರ್ತಿ ಕೋಶ. ಅದು ಪ್ರೋಟೀನ್ ತಯಾರಿಸುವುದನ್ನು ನಿಲ್ಲಿಸುವುದೇ ಆ ಮಾತ್ರೆಯ ಕೆಲಸ. ವೈರಸ್ಸಿನಲ್ಲಿ ನಿಲ್ಲಿಸಲು ಅಂಥದ್ದೇನೂ ಇಲ್ಲ.

ನಮ್ಮ ಸೊರಬದ ಕಡೆಯವರಿಗೆ ಇದು ಅನುಭವದಿಂದಲೇ ಗೊತ್ತು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸತ್ತು ಬೀಳತೊಡಗಿದವು. ಸೊಪ್ಪು, ಸೌದೆಗೆ ಕಾಡಿಗೆ ಹೋದವರು ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮೊದಲು ಹಳದಿ ಜ್ವರ ಭಾರತಕ್ಕೂ ಬಂತೇನೋ ಎಂದು ಗಾಬರಿಯಾದರು. ಆಮೇಲೆ ತಿಳಿಯಿತು, ಅದು ಅದುವರೆಗೆ ಯಾರೂ ಕಾಣದ ವೈರಸ್, ಹರಡುವುದು ಉಣುಗಿನಿಂದ. ಊರವರ ಬಾಯಲ್ಲಿ ಅದು ಮಂಗನ ಕಾಯಿಲೆಯಾಯಿತು. ಇಂದಿಗೂ ಆ ವೈರಸ್ಸನ್ನೇ ಕೊಲ್ಲುವ ಮದ್ದಿಲ್ಲ. ಜ್ವರ, ರಕ್ತಸ್ರಾವ ನೋಡಿಕೊಳ್ಳುತ್ತಾ ರೋಗಿಯನ್ನು ಕಾಪಾಡಬೇಕು, ಅಷ್ಟೆ. (ಮಂಗಗಳ ಸಾವೆಂದರೆ ನಮ್ಮ ಪಕ್ಕದ ರೆಸ್ಟನ್ನೂ ಕಡಿಮೆಯದಲ್ಲ. 1989ರಲ್ಲಿ ಫಿಲಿಪ್ಪೀನ್ಸ್‌ನಿಂದ ತಂದ ಮಂಗಗಳು ಅಲ್ಲಿ ಸತ್ತಾಗ ಸಿಕ್ಕಿದ್ದು ಎಬೋಲಾದ ಬಳಗದ ವೈರಸ್. ಪುಣ್ಯಕ್ಕೆ ಅದು ಮನುಷ್ಯರಿಗೆ ಕಾಯಿಲೆ ತರಲಿಲ್ಲ.)

ಈಗ ನೀನು ಸಂಜೆ ಸೈಕಲ್ ಹೊಡೆಯುವ ಡಬ್ಲ್ಯು ಅಂಡ್ ಓಡಿ ಹಾದಿಯ ಅಂಚಿನ ಹುಲ್ಲು ನೋಡು. ಅಲ್ಲೂ ಉಣುಗು ಇದೆ. ಬೇಸಿಗೆಯ ಮೊದಲಲ್ಲಿ ಗಸಗಸೆ ಕಾಳಿನಷ್ಟೇ ಇರುವ ಮರಿ, ಮಂಡಿಯ ಹಿಂದೆ ಕೂತರೆ ಗೊತ್ತೇ ಆಗುವುದಿಲ್ಲ. ಇದು ತರುವ ಲೈಮ್ ಕಾಯಿಲೆ ಮಾತ್ರ ಬ್ಯಾಕ್ಟೀರಿಯಾದ್ದು. ಸುರುಳಿಯಾಕಾರದ ಅದಕ್ಕೆ ಬೊರೇಲಿಯಾ ಬರ್ಗ್‌ಡಾರ್ಫೆರಿ ಎಂದು ಹೆಸರು. ಪತ್ತೆ ಮಾಡಿದ್ದು ವಿಲ್ಲಿ ಬರ್ಗ್‌ಡಾರ್ಫರ್, 1980ರ ದಶಕದ ಆರಂಭದಲ್ಲಿ. ಚರ್ಮದ ಮೇಲೆ ಕೆಂಪು ವೃತ್ತ ಹಿಗ್ಗುತ್ತಾ ಹೋದರೆ ಡಾಕ್ಟರು ಡಾಕ್ಸಿಸೈಕ್ಲಿನ್ ಕೊಡುತ್ತಾರೆ, ಬೇಗ ಹಿಡಿದರೆ ಸಾಮಾನ್ಯವಾಗಿ ಗುಣವಾಗುತ್ತದೆ. ಎರಡು ಕಡೆಯೂ ಕಚ್ಚಿದ್ದು ಉಣುಗೇ, ಒಳಗೆ ಬಿಟ್ಟದ್ದು ಬೇರೆ ಬೇರೆ. ಅಷ್ಟೇ ಅಲ್ಲ, ಲೈಮ್ ತರುವ ಇದೇ ಜಾತಿಯ ಉಣುಗು ಬಬೇಸಿಯಾ ಎಂಬ ಪರಾವಲಂಬಿಯನ್ನೂ ಹೊತ್ತಿರಬಹುದು. ಅದು ಕೆಂಪು ರಕ್ತಕಣದೊಳಗೆ ಸೇರುತ್ತದೆ, ಡಾಕ್ಸಿಸೈಕ್ಲಿನ್‌ಗೆ ಜಗ್ಗುವುದಿಲ್ಲ. ತಮಾಷೆಯೆಂದರೆ ಅದರ ಚಿಕಿತ್ಸೆಯಲ್ಲಿ ಇನ್ನೊಂದು ಮದ್ದಿನ ಜೊತೆಗೆ ನಿಮ್ಮಮ್ಮನ ಅಜಿತ್ರೋಮೈಸಿನ್ನೇ ಬರುತ್ತದೆ! ಆದರೆ ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರು ಬರೆದುಕೊಟ್ಟ ಮೇಲೆ, ಸೂಟ್‌ಕೇಸಿನಿಂದ ತೆಗೆದಲ್ಲ.

ಉಣುಗು ಕಂಡರೆ ಸುಣ್ಣ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಸಣ್ಣ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು, ತಿರುಚದೆ ನೇರವಾಗಿ ಎಳೆ. ಒಂದು ದಿನದೊಳಗೆ ಕಿತ್ತರೆ ಲೈಮ್ ಅಂಟುವುದು ಅಪರೂಪ.

ವೈರಸ್, ಬ್ಯಾಕ್ಟೀರಿಯಾ, ಪರಾವಲಂಬಿ ಆಯಿತು; ತೊಡೆಸಂದಿನ ಗಜಕರ್ಣ ಮಾತ್ರ ಶಿಲೀಂಧ್ರದ್ದು. ಊರಿನ ಅಂಗಡಿಯ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ನಿಲ್ಲುತ್ತದೆ, ಶಿಲೀಂಧ್ರ ಮಾತ್ರ ಹರಡುತ್ತಲೇ ಇರುತ್ತದೆ. ಅದರ ಕೋಶ ಬಹುಮಟ್ಟಿಗೆ ನಮ್ಮದರಂತೆಯೇ ಇರುವುದರಿಂದ ಮದ್ದುಗಳು ಕಡಿಮೆ. ಹಚ್ಚಬೇಕಾದ ವಾರಗಳೂ ಹೆಚ್ಚು.

ಇನ್ನು ಮಲೇರಿಯಾ. ಅದು ಊರಿನದು, ಇಲ್ಲಿನದಲ್ಲ ಅಂದುಕೊಂಡಿದ್ದೀಯೇನೋ. 2002ರಲ್ಲಿ ನಮ್ಮ ಗಡಿಗೆ ಅಂಟಿದ ಲೌಡನ್ ಕೌಂಟಿಯಲ್ಲೇ ಇಬ್ಬರು ಹದಿಹರೆಯದವರಿಗೆ ಇಲ್ಲಿನ ಸೊಳ್ಳೆಯಿಂದಲೇ ವೈವಾಕ್ಸ್ ಮಲೇರಿಯಾ ಬಂದಿತ್ತು. ಆ ಜಾತಿಯ ಪರಾವಲಂಬಿ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಅಡಗಿ ಕೂರಬಲ್ಲದು. ಆದ್ದರಿಂದ ಡಿಸೆಂಬರಿನಲ್ಲಿ ಊರಿಗೆ ಹೋಗಿ ಬಂದು ಏಪ್ರಿಲ್‌ನಲ್ಲಿ ಚಳಿಜ್ವರ ಬಂದರೂ ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳು, ಇಂಡಿಯಾಕ್ಕೆ ಹೋಗಿದ್ದೆ ಅಂತ. ಅವರಾಗಿ ಕೇಳಲಿ ಎಂದು ಕಾಯಬೇಡ.