ಬಿರಿದ ಅಕ್ರಿಲಿಕ್ ತೊಟ್ಟಿಯನ್ನು ಸಂಪ್ ಆಗಿಸುವ ಬಗೆ

ಮೇಲಂಚಿನ ಬೆಸುಗೆ ಬಿಟ್ಟು, ಅದರ ಕೆಳಗೆ ಕೂದಲೆಳೆಯಂಥ ಸೀಳುಗಳು ಮೂಡಿವೆಯೆಂದು ತಾವು ವ್ಯಥೆಯಿಂದ ಬರೆದಿರುವ ಆ ಮೀನುತೊಟ್ಟಿಯನ್ನು ಎಸೆಯಬೇಕಾಗಿಲ್ಲ. ನೀರಿನ ಒತ್ತಡವು ಆಳವನ್ನೇ ಅನುಸರಿಸುವುದರಿಂದ, ಹಾನಿಗೊಂಡ ಮೇಲ್ಭಾಗವನ್ನು ಕತ್ತರಿಸಿ ತೆಗೆದರೆ ಉಳಿದ ಗೋಡೆಗಳು ಮುಖ್ಯ ಮೀನುತೊಟ್ಟಿಯ ಕೆಳಗಿರುವ ಶೋಧಕ ತೊಟ್ಟಿಯಾದ ಸಂಪ್‌ನ ಅಲ್ಪಜಲವನ್ನು ನಿರಾಯಾಸವಾಗಿ ತಡೆಯಬಲ್ಲವು. ಆದರೆ ಸೀಳುಗಳು ತಳದ ಬೆಸುಗೆಯವರೆಗೂ ಇಳಿದಿದ್ದರೆ ಸಕಲ ಶ್ರಮವೂ ವ್ಯರ್ಥ. ಓರೆಬೆಳಕು ಹಿಡಿದು ಮೊದಲು ಅದನ್ನು ಪರೀಕ್ಷಿಸಿರಿ.

ಅಕ್ರಿಲಿಕ್ ಬಿಸಿಯಾದರೆ ಕರಗಿ ಗರಗಸಕ್ಕೇ ಅಂಟುವುದರಿಂದ, ಪ್ಲಾಸ್ಟಿಕ್ಕಿಗೆಂದೇ ಮಾಡಿದ ಸಣ್ಣಹಲ್ಲಿನ ಬ್ಲೇಡಿನಿಂದ, ಹಾಳೆಗೆ ಆಧಾರ ಕೊಟ್ಟು, ಒಂದೇ ಗತಿಯಲ್ಲಿ ಕತ್ತರಿಸಿ, ಅನಂತರ ರೌಟರ್‌ನಿಂದ ಅಂಚನ್ನು ಸಮಗೊಳಿಸತಕ್ಕದ್ದು. ಅಂಟಿಸಬೇಕಾದ ಅಂಚಿಗೆ ಜ್ವಾಲೆ ಹಿಡಿದು ಹೊಳಪು ಕೊಡುವ ಮೋಹ ಖಂಡಿತ ಬೇಡ. ಹಾಗೆ ಕಾದ ಅಂಚು ಬೆಸೆಯುವ ದ್ರಾವಕ ಸೋಂಕಿದಾಗ ಸೂಕ್ಷ್ಮವಾಗಿ ಬಿರಿಯುತ್ತದೆ. ಸ್ಪಿರಿಟ್ ಹಾಕಿ ಒರೆಸುವುದೂ ಅಷ್ಟೇ ಅಪಾಯಕರ.

ಗಾಜಿನ ತೊಟ್ಟಿಗೆ ಒಗ್ಗುವ ಸಿಲಿಕೋನ್ ಇಲ್ಲಿ ಭದ್ರವಾಗಿ ಹಿಡಿಯದು. ಸಂಪ್ ಒಳಗೆ ವಿಭಾಗಗಳನ್ನು ಮಾಡುವ ತಡೆಫಲಕಗಳನ್ನು ಗೋಡೆಗೆ ಬಿಗಿಯಾಗಿ ಕೂರಿಸಿ, ಕಿಟಕಿಗಳನ್ನೆಲ್ಲ ತೆರೆದು (ದ್ರಾವಕದ ಆವಿ ವಿಷಕಾರಿ), ಡೈಕ್ಲೋರೋಮೀಥೇನ್ ಬೆರೆತ ದ್ರಾವಕವನ್ನು ಸೂಜಿಬಾಯಿಯ ಸೀಸೆಯಿಂದ ಸಂದಿಗೆ ಬಿಟ್ಟೊಡನೆ, ಅದು ತಾನಾಗಿಯೇ ಸಂದಿಯುದ್ದಕ್ಕೂ ಹರಿದು, ಮಸುಕಾಗಿದ್ದ ಗೆರೆಯು ನೋಡುನೋಡುತ್ತಿದ್ದಂತೆಯೇ ತಿಳಿಯಾಗುವುದು. ಗುಳ್ಳೆ ಉಳಿದೆಡೆಗಳಲ್ಲಿ ಬೆಸುಗೆ ದುರ್ಬಲವೆಂದೇ ಭಾವಿಸಿರಿ. ಕತ್ತರಿಸಿದ ಬಾಯಿಯ ಸುತ್ತ ಪಟ್ಟಿಗಳನ್ನು ಬೆಸೆಯದಿದ್ದರೆ ಗೋಡೆಗಳು ಉಬ್ಬುತ್ತವೆ.

ಇನ್ನು ಎತ್ತರ ಎಷ್ಟಿರಬೇಕೆಂಬ ತಮ್ಮ ಪ್ರಶ್ನೆ: ವಿದ್ಯುತ್ ನಿಂತಾಗ ಮೇಲಿನ ತೊಟ್ಟಿಯಿಂದಲೂ ಕೊಳವೆಗಳಿಂದಲೂ ಇಳಿದುಬರುವ ಸಮಸ್ತ ಜಲಕ್ಕೆ ತೆರವುಳಿಯುವಷ್ಟು ಎತ್ತರವನ್ನು, ಗರಗಸ ಹಿಡಿಯುವ ಮುನ್ನವೇ, ಅಳೆದು ಗುರುತು ಮಾಡಿಕೊಳ್ಳಿರಿ.